ಗ್ರಹಗಳನ್ನಾಳುವ ಆಟವನ್ನು ಕೊಳ್ಳಬೇಕೆ?

ಕಳೆದ ಸಂಕ್ರಾಂತಿಯ ಸುಮಾರಿಗೆ ನನ್ನ ಮುಂದೆ ಒಂದು ಪ್ರಶ್ನೆ ಬಂದು ನಿಂತಿತು. ಹೊಸದಾಗಿ ಹೊರಬಂದಿದ್ದ ಒಂದು ಕಂಪ್ಯೂಟರ್ ಆಟವನ್ನು ಕೊಳ್ಳಬೇಕೆ, ಬೇಡವೆ? ನಕ್ಷತ್ರಗಳ ನಡುವೆ ರಾಜ್ಯ ಕಟ್ಟಿ, ಗ್ರಹಗಳನ್ನಾಳುವ ಆಟವದು. ಬೆಲೆ ಒಂದೂವರೆ ಸಾವಿರ ರೂಪಾಯಿಗೆ ಸಮೀಪ. ನನ್ನಲ್ಲಿದ್ದ ಹಣ ಎರಡು ಸಾವಿರ. ಅದು ಮಳಗಿಯ ಸುತ್ತಿನ ತೋಟಗಾರರ ಮನೆಗಳಲ್ಲಿ, ರಾತ್ರಿಯ ಹೊತ್ತು, ಅವ್ವನ ಪಕ್ಕದಲ್ಲಿ ಕುಳಿತು ಅಡಿಕೆ ಸುಲಿದು ಕೂಡಿಸಿದ ಹಣ. ಲೆಕ್ಕ ಹಾಕಿ ನೋಡಿದರೆ ಆ ಆಟದ ಬೆಲೆ ನನ್ನ ಒಂಬತ್ತು ರಾತ್ರಿಗಳ ದುಡಿಮೆಗೆ ಸಮವಾಯಿತು. ಶ್ರೀಮಂತನಿಗೆ ಇಂಥ ಪ್ರಶ್ನೆ ಏಳುವುದೇ ಇಲ್ಲ. ಬೇಕೆನಿಸಿದರೆ ಕೊಳ್ಳುತ್ತಾನೆ, ಬೇಸರವಾದರೆ ಬಿಡುತ್ತಾನೆ. ಒಂಬತ್ತು ರಾತ್ರಿಗಳನ್ನು ಕೊಡಬೇಕಾದವನು ಮಾತ್ರ ವಿಚಾರ ಮಾಡಲೇಬೇಕು. ಆ ವಿಚಾರವನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಆಟದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಮುಂದಿನ ವರ್ಷ ಮತ್ತೊಂದು ಹೊಸ ಆಟ ಬರುತ್ತದೆ. ಹೆಸರು ಬದಲಾದರೂ ಪ್ರಶ್ನೆ ಅದೇ ಉಳಿಯುತ್ತದೆ.

ಬಿ.ಎ. ವಿದ್ಯಾರ್ಥಿಗೆ ಆಕಾಶದ ಹುಚ್ಚು ಹೇಗೆ ಹಿಡಿಯಿತೆಂದು ಕೆಲವರು ಕೇಳಬಹುದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದುದನ್ನು ನೆರೆಮನೆಯ ಟಿ.ವಿ.ಯ ಮುಂದೆ ನಿಂತು ನೋಡಿದವರಲ್ಲಿ ನಾನೂ ಒಬ್ಬ. ಅಂದಿನಿಂದ ರಾತ್ರಿಯಲ್ಲಿ ಧರ್ಮಾ ಜಲಾಶಯದ ಏರಿಯ ಕಡೆಗೆ ಹೋದಾಗಲೆಲ್ಲ ತಲೆ ತಾನಾಗಿ ಮೇಲೇಳುತ್ತದೆ. ವಿಜ್ಞಾನ ಓದುವ ಅನುಕೂಲ ನನಗೆ ಒದಗಲಿಲ್ಲ. ಆಟದಲ್ಲಾದರೂ ಅಲ್ಲಿಗೆ ಹೋಗಿಬರಬಹುದಲ್ಲ ಎಂಬ ಆಸೆ ಸಹಜವೇ.

ಈಗ ಆಟದ ಸ್ವರೂಪವನ್ನು ತಿಳಿಯೋಣ. ಆಕಾಶದ ಆಟಗಳು ಹೊಸವೇನಲ್ಲ. 1962ರಲ್ಲಿಯೇ ಅಮೆರಿಕದ ಎಂ.ಐ.ಟಿ.ಯ ತರುಣರು ಕೋಣೆಯ ಮೂಲೆಯನ್ನೇ ತುಂಬುತ್ತಿದ್ದ ಪಿ.ಡಿ.ಪಿ.-1 ಎಂಬ ಗಣಕಯಂತ್ರದಲ್ಲಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದ್ದರು. ಅದು ಎರಡು ನೌಕೆಗಳು ಒಂದನ್ನೊಂದು ಹೊಡೆಯುವ ಆಟ. ಅಲ್ಲಿ ಗೆಲ್ಲುವುದು ಕೈಯ ಚುರುಕು. ನಾನು ಹೇಳುತ್ತಿರುವ ಬಗೆಯಲ್ಲಿ ಗೆಲ್ಲಬೇಕಾದದ್ದು ಬುದ್ಧಿಯ ತಾಳ್ಮೆ. 1993ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಎಂಬ ಆಟ ಬಂದಾಗ ಅಲನ್ ಎಮ್ರಿಚ್ ಎಂಬ ಬರಹಗಾರರು ಈ ಬಗೆಗೆ ‘ಫೋರ್-ಎಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯ್ಟ್, ಎಕ್ಸ್‌ಟರ್ಮಿನೇಟ್ ಎಂಬ ನಾಲ್ಕು ಮಾತುಗಳಿಂದ ಹುಟ್ಟಿದ ಹೆಸರಿದು. ನಮ್ಮ ಮಾತಿನಲ್ಲಿ ಹುಡುಕು, ಹಬ್ಬು, ಬಳಸು, ಅಳಿಸು ಎನ್ನಬಹುದು.

ನಮ್ಮ ದೇವಸ್ಥಾನಗಳ ಕಟ್ಟೆಯ ಕಲ್ಲುಗಳ ಮೇಲೆ ಗೀರಿರುವ ಹುಲಿ-ಕುರಿ ಆಟವನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಮನೆಗಳು ಎಷ್ಟು, ಹುಲಿ ಎಲ್ಲಿದೆ ಎಂಬುದು ಇಬ್ಬರಿಗೂ ಕಾಣುತ್ತದೆ. ಇಲ್ಲಿ ಮಣೆಯ ಬಹುಭಾಗ ಕತ್ತಲೆಯಲ್ಲಿರುತ್ತದೆ, ಹುಡುಕಿದಷ್ಟೇ ತೋರುತ್ತದೆ. ಅದಲ್ಲದೆ ಸಂಸಾರದ ಲೆಕ್ಕವೂ ಕೂಡಿಕೊಳ್ಳುತ್ತದೆ. ಜಲಾಶಯದ ನೀರು ಇದ್ದಷ್ಟೇ ಇರುವಾಗ ಮೇಲಿನ ಗದ್ದೆಗೆ ಬಿಟ್ಟರೆ ಕೆಳಗಿನ ಗದ್ದೆಗೆ ಸಾಲದು. ಈಗಲೇ ಬಿಟ್ಟರೆ ಬೇಸಿಗೆಗೆ ಉಳಿಯದು. ಹಾಗೆಯೇ ಆಟದಲ್ಲಿ ಲೋಹವನ್ನು ನೌಕೆಗೆ ಹಾಕಬೇಕೆ, ಹೊಸ ಗ್ರಹದ ವಸತಿಗೆ ಹಾಕಬೇಕೆ, ವಿದ್ಯೆಗೆ ಹಾಕಬೇಕೆ ಎಂಬ ನಿರ್ಣಯಗಳು ಒಂದರ ಹಿಂದೆ ಒಂದು ಬರುತ್ತವೆ. ಇಂದು ಮಾಡಿದ ತಪ್ಪು ಮರುದಿನದ ಆಟದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಬಗೆಯ ಸ್ವಾರಸ್ಯವಿರುವುದೇ ಅಲ್ಲಿ. ಕೊಳ್ಳುವವನಿಗಿರುವ ಅಪಾಯವೂ ಅಲ್ಲಿಯೇ. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಅಪ್ಪ ಎತ್ತು ಕೊಳ್ಳಲು ಹೋದಾಗ ಚಿಕ್ಕವನಾದ ನಾನೂ ಜೊತೆಗಿದ್ದೆ. ಮಾರುವವನು ಎತ್ತಿನ ಕೊಂಬಿಗೆ ಬಣ್ಣ ಬಳಿದಿದ್ದ, ಹಣೆಗೆ ಗೊಂಡೆ ಕಟ್ಟಿದ್ದ. ಅಪ್ಪ ಕೊಂಬಿನ ಕಡೆ ನೋಡಲೇ ಇಲ್ಲ. ಹಲ್ಲು ನೋಡಿದ, ಗೊರಸು ನೋಡಿದ, ನಾಲ್ಕು ಹೆಜ್ಜೆ ನಡೆಸಿದ, ನೊಗ ಹೂಡಿ ನೋಡಿದ. ಕೊನೆಗೆ, ಮನೆಯಲ್ಲಿ ಈ ವರ್ಷ ಹುಲ್ಲು ಎಷ್ಟಿದೆ ಎಂದು ತನಗೆ ತಾನೇ ಕೇಳಿಕೊಂಡ. ಅಪ್ಪ ಓದಿದವನಲ್ಲ, ಆದರೆ ವಸ್ತುವಿನ ಪರೀಕ್ಷೆಯಲ್ಲಿ ಅವನ ಪಾಠ ನನಗೆ ಎಲ್ಲ ಪಾಠಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮೊದಲನೆಯದು ಹುಲ್ಲಿನ ಪ್ರಶ್ನೆ, ಅಂದರೆ ಮನೆಯಲ್ಲಿರುವ ಅನುಕೂಲ. ನನ್ನ ಲ್ಯಾಪ್‌ಟಾಪ್ ಅಣ್ಣನು ಹುಬ್ಬಳ್ಳಿಯಲ್ಲಿ ಎರಡನೆಯ ಕೈಯಿಂದ ಕೊಂಡುಕೊಟ್ಟದ್ದು. ಅದರ ರ‍್ಯಾಮ್ 4 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆಟದ ಮಾರಾಟದ ಪುಟದ ಕೆಳಭಾಗದಲ್ಲಿ ಯಂತ್ರಕ್ಕೆ ಬೇಕಾದ ಕನಿಷ್ಠ ಯೋಗ್ಯತೆಯನ್ನು ಬರೆದಿರುತ್ತಾರೆ. ಚಿತ್ರಗಳನ್ನು ನೋಡಿ ಮರುಳಾಗುವ ನಾವು ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಎತ್ತು ಕೊಳ್ಳುವವನು ಬಣ್ಣದ ಕೊಂಬು ನೋಡಿದಂತೆಯೇ ಇದು. ‘ಕನಿಷ್ಠ’ ಎಂದರೆ ಆಟ ತೆರೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಸುಖವಾಗಿ ಆಡಬಹುದೆಂದಲ್ಲ.

ಹುಲ್ಲಿನಲ್ಲಿ ಇನ್ನೊಂದು ಬಗೆಯುಂಟು. ಈಗಿನ ಆಟಗಳು ಪೆಟ್ಟಿಗೆಯಲ್ಲಿ ಬರುವುದು ಅಪರೂಪ; ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಆಟ 30 ಜಿಬಿ ಇದ್ದು, ನಮ್ಮ ಮೊಬೈಲಿಗೆ ದಿನಕ್ಕೆ ದೊರೆಯುವುದು ಒಂದೂವರೆ ಜಿಬಿಯಾದರೆ, ಬೇರೆ ಯಾವುದಕ್ಕೂ ಬಳಸದೆ ಇಳಿಸಿದರೂ 20 ದಿನ ಬೇಕು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಆ 20 ದಿನ ಎಷ್ಟಾಗುವುದೋ ಹೇಳಲಾಗದು. ಬೆಲೆಯ ಪಟ್ಟಿಯಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ.

ಎರಡನೆಯದು ಹಲ್ಲಿನ ಪರೀಕ್ಷೆ, ಅಂದರೆ ನಾವು ಕೊಳ್ಳುತ್ತಿರುವುದು ನಿಜವಾಗಿ ಏನು ಎಂಬುದು. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿ ‘ಸ್ಟೀಮ್’. ಅಲ್ಲಿ 2015ರ ನವೆಂಬರಿನಿಂದ ರೂಪಾಯಿಯಲ್ಲಿಯೇ ಬೆಲೆ ಕೊಡಬಹುದು. ಆದರೆ ಕೊಟ್ಟ ಹಣಕ್ಕೆ ದೊರೆಯುವುದು ಆಟದ ಒಡೆತನವಲ್ಲ, ಆಡಲು ಪರವಾನಗಿ. 2024ರ ಅಕ್ಟೋಬರಿನಿಂದ ಹಣ ಕೊಡುವ ಪುಟದಲ್ಲಿಯೇ ಇದನ್ನು ಬರೆದು ತಿಳಿಸುತ್ತಿದ್ದಾರೆ. ಓದಿ ಮುಗಿಸಿದ ಪುಸ್ತಕವನ್ನು ಕಿರಿಯರಿಗೆ ಕೊಡುವಂತೆ ಇದನ್ನು ಕೊಡಲಾಗದು, ಅರ್ಧ ಬೆಲೆಗೆ ಮಾರಲೂ ಆಗದು.

ಅದೂ ಅಲ್ಲದೆ, ಕೊಂಡ ಆಟ ಕೊಂಡ ರೂಪದಲ್ಲಿಯೇ ಉಳಿಯುವುದಿಲ್ಲ. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ‘ಸ್ಟೆಲ್ಲಾರಿಸ್’ ಇದಕ್ಕೆ ಒಳ್ಳೆಯ ನಿದರ್ಶನ. ಅದು 2016ರ ಮೇ ತಿಂಗಳಲ್ಲಿ ಬಂದಾಗ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಮೂರು ಬಗೆಯ ಮಾರ್ಗಗಳಿದ್ದು, ಆಟಗಾರನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದಾಗಿತ್ತು. 2018ರ ಆವೃತ್ತಿಯಲ್ಲಿ ಆ ಆಯ್ಕೆಯನ್ನೇ ತೆಗೆದು, ಎಲ್ಲರಿಗೂ ಒಂದೇ ಬಗೆಯ ದಾರಿಯಿಂದ ಆರಂಭವೆಂದು ಮಾಡಿದರು. 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬುಡದಿಂದ ಬದಲಾಯಿಸಿದರು. ನಡುವೆ ‘ಯುಟೋಪಿಯಾ’, ‘ಮೆಗಾಕಾರ್ಪ್’, ‘ಫೆಡರೇಷನ್ಸ್’ ಮೊದಲಾದ ಸೇರ್ಪಡೆಗಳು ಬೇರೆಬೇರೆ ಬೆಲೆಗೆ ಬಂದವು. ಆಟ ಹೀಗೆ ಬೆಳೆದುದರಿಂದಲೇ ಇಷ್ಟು ವರ್ಷ ಬಾಳಿತೆಂಬುದೂ ನಿಜ. ಆದರೆ ಮೊದಲ ಬೆಲೆ ಬಾಗಿಲಿನ ಬೆಲೆ ಮಾತ್ರ, ಮನೆಯ ಬೆಲೆಯಲ್ಲ ಎಂಬುದು ಕೊಳ್ಳುವವನಿಗೆ ಗೊತ್ತಿರಬೇಕು.

ಹೆಸರಿನ ಮೋಹವೂ ಸಲ್ಲದು. 1999ರ ‘ಹೋಮ್‌ವರ್ಲ್ಡ್’ ಎಂಬ ಆಟ ಆಕಾಶದ ಯುದ್ಧತಂತ್ರದಲ್ಲಿ ದೊಡ್ಡ ಹೆಸರು ಗಳಿಸಿತ್ತು. 25 ವರ್ಷಗಳ ಬಳಿಕ, 2024ರ ಮೇ ತಿಂಗಳಲ್ಲಿ, ಅದರ ಮೂರನೆಯ ಭಾಗ ಬಂದಾಗ ಹಳೆಯ ಅಭಿಮಾನಿಗಳು ಕಾದು ಕೊಂಡರು. ನೋಡಲು ಚೆಲುವಾಗಿತ್ತು, ಆದರೆ ಕಥೆ ಹಿಡಿಸಲಿಲ್ಲವೆಂದು ಬಹಳ ಮಂದಿ ಬೇಸರಪಟ್ಟರು. ಅದೇ ವರ್ಷ ಮುಗಿಯುವುದರೊಳಗಾಗಿ ಕೊನೆಯ ದೊಡ್ಡ ತಿದ್ದುಪಡಿಯೂ ಬಂದುಹೋಯಿತು. ತಂದೆ ಒಳ್ಳೆಯ ಉಳುವ ಎತ್ತಾಗಿದ್ದಿತೆಂದು ಕರುವನ್ನು ಕಣ್ಣುಮುಚ್ಚಿ ಕೊಳ್ಳಬಾರದಷ್ಟೆ. ಮೊದಲ ದಿನದಲ್ಲಿಯೇ ಕೊಂಡವನು ಪರೀಕ್ಷೆಗೆ ತನ್ನನ್ನೇ ಒಡ್ಡಿಕೊಂಡಂತೆ. ಆರು ತಿಂಗಳು ಕಾದವನಿಗೆ ತಪ್ಪು ತಿದ್ದಿದ ಆಟ, ಬಹಳ ಸಲ ಕಡಿಮೆ ಬೆಲೆಗೆ, ದೊರೆಯುತ್ತದೆ.

ಮೂರನೆಯದು ನೊಗ ಹೂಡಿ ನೋಡುವ ಪರೀಕ್ಷೆ. ಸ್ಟೀಮ್ ಅಂಗಡಿ 2015ರಿಂದ ಒಂದು ಒಳ್ಳೆಯ ನಿಯಮವನ್ನಿಟ್ಟುಕೊಂಡಿದೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಆಟವನ್ನು ಮರಳಿಸಿ ಹಣ ಕೇಳಬಹುದು. ಬೇರೆ ಬಗೆಯ ಆಟಗಳಿಗೆ ಎರಡು ಗಂಟೆ ಧಾರಾಳ. ನಮ್ಮ ಈ ಬಗೆಗೆ ಮಾತ್ರ ಸಾಲದು. ನಿಯಮಗಳನ್ನು ಓದಿ ತಿಳಿಯುವುದರಲ್ಲಿಯೇ ಎರಡು ಗಂಟೆ ಕಳೆಯುತ್ತದೆ. ಮಾಡಿದ ತಪ್ಪಿನ ಫಲ ಕಾಣುವುದು ಹತ್ತನೆಯ ಗಂಟೆಗೆ. ಯಂತ್ರದ ಬಲಹೀನತೆಯೂ ಆಗಲೇ ಬಯಲಾಗುವುದು. ಆರಂಭದಲ್ಲಿ ಒಂದೇ ಗ್ರಹ, ನಾಲ್ಕು ನೌಕೆ. ಯಾವ ಯಂತ್ರವೂ ಹಗುರವಾಗಿ ನಡೆಸುತ್ತದೆ. ರಾಜ್ಯ ಹಬ್ಬಿ, ನೂರಾರು ನಕ್ಷತ್ರಗಳ ಲೆಕ್ಕ ಒಟ್ಟಿಗೆ ಬಿದ್ದಾಗ ಅದು ಏದುಸಿರು ಬಿಡತೊಡಗುತ್ತದೆ. ಸ್ಟೆಲ್ಲಾರಿಸ್‌ನಂಥ ಹೆಸರಾಂತ ಆಟದ ಮೇಲೂ ಬಹುಕಾಲದಿಂದ ಇದ್ದ ದೂರು ಇದೇ. ಆ ಹೊತ್ತಿಗೆ ಮರಳಿಸುವ ಅವಧಿ ಎಂದೋ ಮುಗಿದಿರುತ್ತದೆ.

ಆದುದರಿಂದ ಆ ಎರಡು ಗಂಟೆಗಳಲ್ಲಿ ‘ಆಟ ಚೆನ್ನಾಗಿದೆಯೆ?’ ಎಂದು ಕೇಳಬಾರದು. ಅದಕ್ಕೆ ಉತ್ತರ ಸಿಗದು. ‘ನನ್ನ ಯಂತ್ರದಲ್ಲಿ ಅಕ್ಷರಗಳು ಓದಲು ಬರುತ್ತವೆಯೆ? ಯಂತ್ರ ಕಾದು ಹೋಗುತ್ತಿದೆಯೆ?’ ಎಂದಷ್ಟೇ ಕೇಳಬೇಕು. ಆಟದ ಗುಣವನ್ನು ನೂರಾರು ಗಂಟೆ ಆಡಿದವರ ಅಭಿಪ್ರಾಯದಿಂದ ತಿಳಿಯಬೇಕು. ಅದರಲ್ಲಿಯೂ ಹೊಗಳಿದವರಿಗಿಂತ, ಮೆಚ್ಚಿಯೂ ದೋಷ ಹೇಳಿದವರ ಮಾತು ಹೆಚ್ಚು ನಂಬತಕ್ಕದ್ದು.

ಅಕ್ಷರಗಳ ವಿಷಯದಲ್ಲಿ ಒಂದು ಮಾತು. ಇಂಥ ಆಟದಲ್ಲಿ ನೋಡುವುದಕ್ಕಿಂತ ಓದುವುದೇ ಹೆಚ್ಚು, ಮತ್ತು ನಾನು ಕಂಡ ಯಾವ ಆಟದಲ್ಲಿಯೂ ಕನ್ನಡವಿರಲಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರ್ಯಾಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ಹುಟ್ಟಿದ ನಾಡಿದು, ಆದರೂ ಹೀಗೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಇದೊಂದು ಕಷ್ಟವೂ ಹೌದು, ಲಾಭವೂ ಹೌದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆಡಿದರೆ ಇಂಗ್ಲಿಷ್ ಅಧ್ಯಾಪಕರು ಬೇಡವೆನ್ನಲಾರರೆಂದು ನಂಬಿದ್ದೇನೆ.

ಈ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಸಂಶಯ: ಈ ಬಗೆಯ ಆಟವೇ ನನಗೆ ಹಿಡಿಸುತ್ತದೆಯೆ? ಇದನ್ನು ತಿಳಿಯಲು ಹಣ ಬೇಡವೆಂಬುದು ಆಮೇಲೆ ಗೊತ್ತಾಯಿತು. ‘ಮಾಸ್ಟರ್ ಆಫ್ ಓರಿಯನ್’ನಿಂದ ಸ್ಫೂರ್ತಿ ಪಡೆದು ಹವ್ಯಾಸಿಗಳು ಕೂಡಿ ರಚಿಸಿದ ‘ಫ್ರೀಓರಿಯನ್’ ಎಂಬ ಆಟವಿದೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ನನಗೆ ಒಂದೇ ದಿನದ ಡೇಟಾ ಸಾಕಾಯಿತು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂದು ಹಿರಿಯರು ಹೇಳುತ್ತಾರೆ, ಎಣಿಸಿದರೂ ನಷ್ಟವಿಲ್ಲ. ಅದರ ಚಿತ್ರಗಳು ಸಾದಾ, ಸದ್ದು ಕಡಿಮೆ. ಹತ್ತು ಸಂಜೆ ಆಡಿದೆ. ಮೊದಲ ರಾಜ್ಯ ಮೂರನೆಯ ಸಂಜೆಗೆ ಹಾಳಾಯಿತು. ವಿದ್ಯೆಗೆ ಹಾಕದೆ ನೌಕೆಗಳಿಗೇ ಎಲ್ಲವನ್ನೂ ಸುರಿದಿದ್ದೆ. ಎರಡನೆಯದು ಬಾಳಿತು. ಹಿಡಿಸಿತೆಂದು ಒಪ್ಪುತ್ತೇನೆ. ಜೊತೆಗೆ, ಒಂಬತ್ತು ಗಂಟೆಗೆ ಕುಳಿತವನು ಎದ್ದಾಗ ಒಂದು ಗಂಟೆಯಾಗಿದ್ದುದೂ ಉಂಟು. ಮರುದಿನ ಬೆಳಗಿನ ಬಸ್ಸು ತಪ್ಪಿ ಮೊದಲ ಪೀರಿಯಡ್ ಹೋದದ್ದೂ ಉಂಟು. ನಿಜವಾದ ಬೆಲೆ ಇಲ್ಲಿದೆ ಎಂದು ಆಗ ತಿಳಿಯಿತು.

ಅವ್ವನಿಗೆ ವಿಷಯವನ್ನು ಹೇಳಿದೆ. ಮೊದಲು ಅವಳು ಹೆದರಿದ್ದು, ಹಣ ಕಟ್ಟಿ ಆಡುವ ಆಟವಿರಬೇಕೆಂದು. 2025ರ ಆಗಸ್ಟಿನಲ್ಲಿ ಕಾನೂನು ಬಂದು ನಿಷೇಧವಾದ ಆ ಆಟಗಳೇ ಬೇರೆ, ಇದೇ ಬೇರೆ ಎಂದು ಬಿಡಿಸಿ ಹೇಳಿದೆ. ಬೈಯುವಳೆಂದುಕೊಂಡಿದ್ದೆ. “ಕೊಂಡರೆ ಎಷ್ಟು ದಿನ ಬರ್ತದ?” ಎಂದು ಮಾತ್ರ ಕೇಳಿದಳು. ಸೀರೆಗೂ ಕೊಡೆಗೂ ಅವಳು ಕೇಳುವ ಪ್ರಶ್ನೆಯೇ ಅದು. ಒಳ್ಳೆಯದಾದರೆ ವರ್ಷಗಟ್ಟಲೆ ಎಂದೆ. “ಹಂಗಾದ್ರ ಪರೀಕ್ಷೆ ಮುಗಿದ ಮ್ಯಾಲೆ ತಗೋ, ಓಡಿ ಹೋಗೂದಿಲ್ಲಲ್ಲ” ಎಂದಳು. ಆಟವೆಂಬುದು ನಮ್ಮಂಥವರಿಗಲ್ಲವೆಂದು ಅವಳು ಹೇಳಲಿಲ್ಲ. ಈ ಮನೆಯಿಂದ ಮೊದಲು ಪದವಿಗೆ ಬಂದ ನಾನು, ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನೆಂದು ಆಗ ಹೊಳೆಯಿತು. ದುಡಿದವನಿಗೆ ಆಡುವ ಹಕ್ಕೂ ಇದೆ. ನೋಡಿ ಕೊಳ್ಳುವ ಹೊಣೆಯೂ ಇದೆ.

ಕೊನೆಗೆ ನನ್ನ ನಿರ್ಣಯವನ್ನು ಹೇಳಿ ಮುಗಿಸುತ್ತೇನೆ. ಆ ಹೊಸ ಆಟ ಕೊಳ್ಳಲು ಯೋಗ್ಯವೆ? ಯಂತ್ರ, ಡೇಟಾ, ಬಿಡುವು ಮೂರೂ ಇದ್ದವನಿಗೆ ಯೋಗ್ಯವೇ ಇರಬಹುದು. 4 ಜಿಬಿಯ ಯಂತ್ರವಿದ್ದು, ಕೊನೆಯ ಸೆಮಿಸ್ಟರಿನ ಪರೀಕ್ಷೆ ಎದುರಿಗಿರುವವನಿಗೆ ಈಗ ಅಲ್ಲ. ಎರಡು ಸಾವಿರ ರೂಪಾಯಿ ಅವ್ವನ ಟ್ರಂಕಿನಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಮೊದಲು ರ‍್ಯಾಮ್ ಹೆಚ್ಚಿಸಬೇಕೆಂದಿದ್ದೇನೆ. ಆಟಕ್ಕೆ ಉಳಿದ ಹಣ ಸಾಲದಿದ್ದರೆ ಅಡಿಕೆಯ ಸುಗ್ಗಿ ಮತ್ತೆ ಬಂದೇ ಬರುತ್ತದೆ. ಅಷ್ಟರಲ್ಲಿ ಆಟದ ಬೆಲೆಯೂ ಒಂದೆರಡು ರಾತ್ರಿಗಳಷ್ಟು ಇಳಿದಿರಬಹುದು.