ಮಸುಕು ಬೆಳಕಿನಲ್ಲಿ ನಿಲ್ಲದ ಕಾಲುಗಳು

ಬಿಸಿಲಿನ ಅಂಗಳದಿಂದ ಒಳಮನೆಗೆ ಕಾಲಿಟ್ಟವರಿಗೆ ಕ್ಷಣಕಾಲ ಕಣ್ಣು ಕತ್ತಲೆಗಟ್ಟಿದರೂ, ಸ್ವಲ್ಪ ಹೊತ್ತಿನಲ್ಲೇ ಎರಡೂ ಕಡೆಯ ಬೆಳಕಿನ ಅಂತರ ಮನಸ್ಸಿನಿಂದ ಅಳಿಸಿಹೋಗುತ್ತದೆ. ಕ್ಯಾಮೆರಾಕ್ಕೆ ಈ ಹೊಂದಾಣಿಕೆ ಒಲಿದಿಲ್ಲ. ದೀಪ ಹಚ್ಚಿದ ನಡುಮನೆಯಲ್ಲಿ ರಾತ್ರಿ ಇರುವ ಬೆಳಕು ನಡುಹಗಲಿನ ಬಿಸಿಲಿಗಿಂತ ಸುಮಾರು 500 ಪಟ್ಟು ಕಡಿಮೆಯಿರುವುದರಿಂದ, ಅಂಗಳದಲ್ಲಿ ಸಲೀಸಾಗಿ ಮೂಡುವ ಮಗುವಿನ ಚಿತ್ರ ಒಳಗೆ ಬಂದೊಡನೆ ಮಸುಕು ಮಸುಕಾಗಿ ಕಾಣತೊಡಗುತ್ತದೆ.

ಈ ಮಸುಕಿನ ಕಾರಣ ತಿಳಿಯಲು ಶಟರ್ ಎಂಬ ಪರದೆಯಿಂದ ಆರಂಭಿಸಬೇಕು. ಅದು ತೆರೆದಿರುವಷ್ಟು ಹೊತ್ತು ಮಾತ್ರ ಬೆಳಕು ಒಳಗಿನ ಸಂವೇದಕದ, ಅಂದರೆ ಹಿಂದಿನ ಕಾಲದ ಫಿಲ್ಮಿನ ಸ್ಥಾನದಲ್ಲಿರುವ ಸೆನ್ಸರಿನ, ಮೇಲೆ ಬೀಳುತ್ತದೆ. ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಓಡುವ ಮಗು, ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲೇ ಐದು ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. 1/500 ಸೆಕೆಂಡ್ ಆದರೆ ಸಾಗುವುದು ಆರೇ ಮಿಲಿಮೀಟರ್. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಿರುವ ಕ್ಯಾಮೆರಾ ಕೊಂಡವರು ಇಲ್ಲಿಯೂ ಅದನ್ನೇ ನಂಬುವುದುಂಟು, ಆದರೆ ಅದು ನಿಲ್ಲಿಸುವುದು ತೆಗೆಯುವವರ ಕೈಯ ಅಲುಗಾಟವನ್ನು, ಮಗುವಿನ ಓಟವನ್ನಲ್ಲ.

ಶಟರಿನ ಅವಧಿಯನ್ನು ಕಡಿಮೆ ಮಾಡಿದಷ್ಟೂ ಒಳಬರುವ ಬೆಳಕು ಕಡಿಮೆಯಾಗುವುದರಿಂದ, ಆ ಕೊರತೆಯನ್ನು ಬೇರೆಡೆಯಿಂದ ತುಂಬಿಕೊಳ್ಳಬೇಕು. ಅದಕ್ಕೆ ಇರುವ ದಾರಿಗಳಲ್ಲಿ ಒಂದು ಅಪರ್ಚರ್, ಎಂದರೆ ಲೆನ್ಸಿನೊಳಗಿನ ರಂಧ್ರ; ಅದರ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುವುದು ವಾಡಿಕೆಯಾಗಿದ್ದು, ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಇನ್ನೊಂದು ಐಎಸ್‌ಒ, ಅಂದರೆ ಸಂವೇದಕ ಹಿಡಿದ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಮಾನ. ಮೇಲೆ ಹೇಳಿದ ನಡುಮನೆಯಲ್ಲಿ 1/500 ಸೆಕೆಂಡಿಗೆ ಚಿತ್ರ ತೆಗೆಯಲು ಎಫ್/2.8 ರಂಧ್ರವಿದ್ದರೆ ಐಎಸ್‌ಒ 6400 ಬೇಕಾಗುತ್ತದೆ. ಕ್ಯಾಮೆರಾದ ಜೊತೆಗೇ ಬರುವ ಅಗ್ಗದ ಜೂಮ್ ಲೆನ್ಸನ್ನು ಮುಂದಕ್ಕೆ ಚಾಚಿ ಎಫ್/5.6ಕ್ಕೆ ಇಳಿದರೆ ಅದು 25,600ಕ್ಕೆ ಏರುತ್ತದೆ, ಎಫ್/1.4 ಲೆನ್ಸಿಗಾದರೆ 1600 ಸಾಕು. ಹಾಗೆಂದು ದೊಡ್ಡ ರಂಧ್ರವೂ ಪುಕ್ಕಟೆಯಾಗಿ ಸಿಗುವುದಿಲ್ಲ. ಪೂರ್ಣಗಾತ್ರದ ಸಂವೇದಕದ ಮುಂದೆ 50 ಮಿಲಿಮೀಟರ್ ಲೆನ್ಸನ್ನು ಎಫ್/1.4ರಲ್ಲಿಟ್ಟರೆ, ಎರಡು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಪಟ್ಟಿಯ ಆಳ ಸುಮಾರು 13 ಸೆಂಟಿಮೀಟರ್ ಮಾತ್ರವಾದ್ದರಿಂದ, ಎದುರಿಗೆ ಓಡಿಬರುವ ಮಗು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಅದನ್ನು ದಾಟಿಬಿಡುತ್ತದೆ.

ಐಎಸ್‌ಒ ಹೆಚ್ಚಿಸಿದಾಗ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳಿಗೆ ನಾಯ್ಸ್ ಎಂದು ಹೆಸರು. ಇದರ ದೋಷವನ್ನು ಯಂತ್ರದ ಮೇಲೆ ಹೊರಿಸುವುದು ರೂಢಿ, ಆದರೆ ಬಹುಪಾಲು ಅದು ಬೆಳಕಿನ ಸ್ವಭಾವದಲ್ಲೇ ಇದೆ. ಜಿನುಗುಮಳೆಯಲ್ಲಿ ಅಂಗಳದ ತುಂಬ ಸಾಲಾಗಿ ಬಟ್ಟಲುಗಳನ್ನಿಟ್ಟರೆ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹನಿ ಬೀಳುವಂತೆ, ಬೆಳಕಿನ ಕಣಗಳಾದ ಫೋಟಾನುಗಳೂ ಸಂವೇದಕದ ಮೇಲೆ ಎರ್ರಾಬಿರ್ರಿಯಾಗಿ ಬೀಳುತ್ತವೆ. ಸರಾಸರಿ 100 ಕಣ ಬೀಳುವಲ್ಲಿ ಏರುಪೇರು 10ರಷ್ಟು, ಅಂದರೆ ನೂರಕ್ಕೆ ಹತ್ತು. 10,000 ಕಣ ಬೀಳುವಲ್ಲಿ ಏರುಪೇರು 100 ಆದರೂ ಅದು ನೂರಕ್ಕೆ ಒಂದು ಮಾತ್ರ. ಜಡಿಮಳೆಯಲ್ಲಿ ಬಟ್ಟಲುಗಳೆಲ್ಲ ಸಮನಾಗಿ ತುಂಬಿದಂತೆ ಕಾಣುವುದು ಇದೇ ಕಾರಣಕ್ಕೆ. ಆದರೂ ಚುಕ್ಕೆಗೆ ಹೆದರಿ ಶಟರನ್ನು ನಿಧಾನಗೊಳಿಸುವುದು ತಪ್ಪು ಲೆಕ್ಕವೇ ಸರಿ, ಏಕೆಂದರೆ ಚುಕ್ಕೆಗಳ ನಡುವೆಯೂ ಮಗುವಿನ ನಗು ಉಳಿದಿರುತ್ತದೆ, ಕಲಸಿಹೋದ ಮುಖವನ್ನು ಮಾತ್ರ ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿ ಕೊಡಲಾರದು.

ಮೊಬೈಲುಗಳ ರಾತ್ರಿ ಮೋಡ್ ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಬೆರೆಸುವುದರಿಂದ, ಗೋಪುರಕ್ಕೂ ದೀಪದ ಸಾಲಿಗೂ ಅದು ಒಪ್ಪುವಷ್ಟು ಕುಣಿಯುವ ಮಗುವಿಗೆ ಒಪ್ಪುವುದಿಲ್ಲ. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ ಕಾರಣ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತಿದ್ದು, ಶಟರ್ ಅದಕ್ಕಿಂತ ತೀರ ವೇಗವಾದಾಗ ಚಿತ್ರಕ್ಕೆ ಅಡ್ಡಪಟ್ಟೆಗಳು ಬರುವುದೂ ಉಂಟು. ಮನೆಯಲ್ಲಾದರೆ ಫ್ಲ್ಯಾಶನ್ನು ಬಿಳಿಯ ಒಳಛಾವಣಿಯತ್ತ ತಿರುಗಿಸಿ ಹೊಡೆದಾಗ ಬೆಳಕು ಮೃದುವಾಗಿ ಮರಳಿ ಬೀಳುತ್ತದೆ. ಶಾಲೆಯ ವಾರ್ಷಿಕೋತ್ಸವದ ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲಿನ ಫ್ಲ್ಯಾಶ್ ಬೆಳಗಿಸುವ ಪಾಲಕರಿಗೆ ಮಾತ್ರ ಸಿಗುವುದು ಮುಂದಿನವರ ತಲೆಗಳ ಚಿತ್ರ, ಏಕೆಂದರೆ ದೂರ ಎರಡು ಪಟ್ಟಾದಾಗ ತಲುಪುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ.

ಉಪಕರಣದ ಮಿತಿ ಮುಗಿದಲ್ಲಿ ನೆರವಿಗೆ ಬರುವುದು ಚಲನೆಯದೇ ಲಯ. ಉಯ್ಯಾಲೆ ಎರಡೂ ತುದಿಗಳಲ್ಲಿ ಒಂದು ಗಳಿಗೆ ನಿಂತೇ ಹಿಂದಿರುಗುತ್ತದೆ. ಮೇಲಕ್ಕೆ ಜಿಗಿದ ದೇಹ ನೆತ್ತಿಯ ಬಿಂದುವನ್ನು ಮುಟ್ಟುವ ಮುಂಚಿನ ಮತ್ತು ನಂತರದ 1/20 ಸೆಕೆಂಡುಗಳಲ್ಲಿ ಮೇಲೆ ಕೆಳಗೆ ಸರಿಯುವುದು ಸುಮಾರು ಒಂದೂಕಾಲು ಸೆಂಟಿಮೀಟರ್ ಮಾತ್ರವಾದ್ದರಿಂದ, ಆ ಕ್ಷಣಕ್ಕೆ 1/125 ಸೆಕೆಂಡಿನ ಶಟರೂ ಸಾಕಾಗಬಹುದು. ಯಕ್ಷಗಾನದ ಪೂರ್ವರಂಗದಲ್ಲಿ ಎಳೆಯ ಕಲಾವಿದರು ಬಾಲಗೋಪಾಲರಾಗಿ ಕುಣಿಯುವಾಗ ಚಿತ್ರ ತೆಗೆಯುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ: ಹೆಜ್ಜೆ ನೋಡಿ ಗುಂಡಿ ಒತ್ತಿದವರ ಬೆರಳು ಯಾವಾಗಲೂ ಒಂದಿಷ್ಟು ತಡವಾಗುತ್ತದೆ, ತಾಳ ಮುಕ್ತಾಯದತ್ತ ಸಾಗುವುದನ್ನು ಕಿವಿಯಿಂದ ಹಿಡಿದವರ ಬೆರಳಾದರೋ ಕಾಲು ನೆಲ ಮುಟ್ಟಿ ನಿಲ್ಲುವ ಹೊತ್ತಿಗೆ ಸಿದ್ಧವಾಗಿರುತ್ತದೆ.