ಹಳೇಬೀಡಿನ ಕಂಬವೂ ಚನ್ನಪಟ್ಟಣದ ಚರಕಿಯೂ

ಕೈಗೆಲಸದ ಪ್ರದರ್ಶನದಂದು ಮೇಜಿನ ಮೇಲಿದ್ದ ಮರದ ಸೂಜಿಕರಡಿಗೆಯನ್ನು ಕಂಡು ಅನೇಕ ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ಅದರ ವೃತ್ತಾಂತವನ್ನು ಕೇಳಿದರು. ಅಂದಿನ ಗದ್ದಲದಲ್ಲಿ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಆದಕಾರಣ ಇಲ್ಲಿ ವಿವರಿಸುತ್ತೇವೆ.

ಹಳೇಬೀಡಿನ ಪ್ರವಾಸದಿಂದ ಮರಳಿದ ಮೇಲೆ ಮೇಲಿನ ತರಗತಿಯ ಹುಡುಗಿಯರ ಮುಂದೆ ನಾವು ಒಂದು ಪ್ರಶ್ನೆಯನ್ನಿಟ್ಟಿದ್ದೆವು. ಅಲ್ಲಿಯ ವಸ್ತುಸಂಗ್ರಹಾಲಯವನ್ನು ನೋಡಿ ಹೊರಡುವವರು ಕೊಂಡೊಯ್ಯಲು ತಕ್ಕ ನೆನಪಿನ ವಸ್ತು ಯಾವುದು? ಅದು ನಮ್ಮ ನಾಡಿನ ಸಾಮಗ್ರಿಯಿಂದ ಆಗಿರಬೇಕು, ನಮ್ಮ ಕುಶಲಿಗಳ ಕೈಯಿಂದ ಆಗಿರಬೇಕು, ಮನೆಗೆ ಹೋದ ಮೇಲೆ ಉಪಯೋಗಕ್ಕೂ ಬರಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಇದು ಬರಿಯ ಪಾಠದ ಪ್ರಶ್ನೆಯಲ್ಲವೆಂದು ನಮಗೆ ತೋರಿತು.

ಹೆಚ್ಚಿನವರು ಮದನಿಕೆಯ ಚಿತ್ರವನ್ನೇ ಬರೆದು ತಂದರು. ಅಚ್ಚಿನಲ್ಲಿ ಎರಕ ಹೊಯ್ದ ಮದನಿಕೆಯ ಮುಖ ಹೇಗಿರುವುದೆಂಬುದನ್ನು ಬಲ್ಲ ನಾವು ಅದನ್ನು ಒಪ್ಪಲಿಲ್ಲ. ಕಲ್ಲಿನಲ್ಲಿಯೇ ಮಾಡಿಸಬಾರದೇಕೆ ಎಂದರು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಕ್ರಮೇಣ ಗಡುಸಾಗುವುದು. ಹೊಯ್ಸಳ ಶಿಲ್ಪಿಗಳ ಸೂಕ್ಷ್ಮವಾದ ಕೆತ್ತನೆಗೆ ಇದೂ ಒಂದು ಕಾರಣ. ಆದರೆ ಪ್ರಯಾಣದ ಪೆಟ್ಟಿಗೆಗೆ ಅದು ಭಾರ. ಮೂಗು ಬೆರಳುಗಳು ಮುರಿಯುವುದೂ ಬೇಗ.

ಒಬ್ಬ ಹುಡುಗಿ ಮಾತ್ರ ಕಂಬವನ್ನು ಬರೆದಿದ್ದಳು. ಗಂಟೆಯಂತೆ ಇಳಿದು, ಬಳೆಯ ಮೇಲೆ ಬಳೆ ಜೋಡಿಸಿದಂತಿರುವ ಆ ಕಂಬಗಳನ್ನು ತಿರುಗಿಸಿ ಕಡೆದಿರುವರೆಂದು ವಿದ್ವಾಂಸರು ಹೇಳುತ್ತಾರೆ. ತಿರುಗಿಸಿ ಕಡೆಯುವ ಕೆಲಸವೆಂದರೆ ನಮ್ಮ ನಾಡಿನಲ್ಲಿ ಚನ್ನಪಟ್ಟಣ. (ಹಾಸನ ಜಿಲ್ಲೆಯಲ್ಲದ ಊರನ್ನು ಸ್ಥಳೀಯವೆನ್ನಬಹುದೇ ಎಂದು ಒಬ್ಬ ತಂದೆಯವರು ಆಕ್ಷೇಪಿಸಿದರು. ಎನ್ನಬಹುದೆಂದೇ ನಮ್ಮ ಮತ.)

ಚನ್ನಪಟ್ಟಣದ ಬೊಂಬೆಗೆ ಬಳಸುವುದು ಹಾಲೆಮರ. ಆ ಕಡೆಯವರ ಬಾಯಲ್ಲಿ ಆಲೆಮರ. ಕಡಿದರೆ ಹಾಲು ಸುರಿಸುವ ಈ ಮರದ ತಿರುಳು ದಂತದಂತೆ ಬಿಳುಪು, ಎಳೆ ನವುರು. ತಿಂಗಳುಗಟ್ಟಲೆ ಒಣಗಿಸಿ, ಚರಕಿಗೆ ಕೊಟ್ಟು ಉಳಿಯಿಂದ ಕಡೆಯುತ್ತಾರೆ. ಮೆರುಗಿನ ಅರಗು ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ಅಂಟು. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜುವ ಕಾವಿಗೆ ಅರಗು ತಾನೇ ಕರಗಿ ಹತ್ತಿಕೊಳ್ಳುವುದು. ಬಳಿಕ ತಾಳೆಗರಿಯಿಂದ ಒತ್ತಿದರೆ ಹೊಳಪು ಬರುವುದು. ಕುಂಚವಿಲ್ಲ, ಒಲೆಯಿಲ್ಲ. ಇದನ್ನು ಕಣ್ಣಾರೆ ನೋಡಿದ ನಮ್ಮ ಹುಡುಗಿಯರು ಊಟದ ಹೊತ್ತನ್ನೂ ಮರೆತರು.

ಆ ಮೇಲೆ ನಮ್ಮ ತಪ್ಪುಗಳು. ಮೊದಲು ಕಂಬದ ಪೀಠದಂತೆ ಕಾಫಿಲೋಟದ ಅಡಿಮಣೆಯನ್ನು ಮಾಡಿಸಿದೆವು. ಕಾವಿನಿಂದ ಹತ್ತುವ ಅರಗು ಕಾವಿಗೇ ಮೆತ್ತಗಾಗುವುದೆಂಬುದು ಹೊಳೆಯಲಿಲ್ಲ. ಬಿಸಿ ಲೋಟ ಅದಕ್ಕೆ ಅಂಟಿಕೊಂಡಿತು. ಆದುದರಿಂದ ಸೂಜಿಕರಡಿಗೆಯನ್ನು ಆರಿಸಿದೆವು. ನಾಲ್ಕು ಅಂಗುಲದ ಕಂಬ, ಒಳಗೆ ಟೊಳ್ಳು, ಮುಚ್ಚಳದ ಸಂದು ಒಂದು ಬಳೆಯ ಕೆಳಗೆ ಮರೆಯಾಗಿರುವುದು. ಮೊದಲ ಮಾದರಿಯ ಮರ ಪೂರ್ತಿ ಒಣಗಿರಲಿಲ್ಲವೆಂದು ತೋರುತ್ತದೆ, ಆಷಾಢದ ಮಳೆಗೆ ಮುಚ್ಚಳ ಬಿಗಿದುಹೋಗಿ ಸೂಜಿಗಳು ದಸರೆಯವರೆಗೆ ಸೆರೆಯಲ್ಲಿದ್ದವು.

ಬಣ್ಣದ ವಿಷಯದಲ್ಲಿ ಇನ್ನೂ ಮೋಸ ಹೋದೆವು. ಕಲ್ಲಿನ ಮಸುಕು ಹಸುರನ್ನು ತರಬೇಕೆಂದು ನೀಲಿಗೆ ಅರಿಸಿನವನ್ನು ಬೆರೆಸಿದ ಅರಗನ್ನು ಬೇಡಿದೆವು. ಬಹಳ ಚೆನ್ನಾಗಿ ಬಂದಿತು. ಕಿಟಕಿಯ ಬಳಿ ಇಟ್ಟಿದ್ದ ಕರಡಿಗೆ ಕೆಲವು ವಾರಗಳಲ್ಲಿ ಹಸುರನ್ನು ಬಿಟ್ಟು ನೀಲಿಗೆ ತಿರುಗಿತು. ಬಿಸಿಲಿಗೆ ಅರಿಸಿನ ನಿಲ್ಲುವುದಿಲ್ಲವೆಂಬುದನ್ನು ಸೀರೆ ಒಗೆಯುವ ಯಾವ ತಾಯಿಯಾದರೂ ನಮಗೆ ಹೇಳಬಹುದಿತ್ತು. ಈಗ ಮರದ ಬಿಳುಪನ್ನೇ ಉಳಿಸಿ, ಬಣ್ಣವಿಲ್ಲದ ಅರಗಿನ ಮೆರುಗು ಕೊಟ್ಟು, ಒಂದು ಬಳೆಗೆ ಮಾತ್ರ ನೀಲಿ ಹಾಕಿಸಿದ್ದೇವೆ. ಕಲ್ಲನ್ನು ಅನುಕರಿಸಿದ ಮಾದರಿಗಿಂತ ಇದೇ ಕಂಬವನ್ನು ಹೆಚ್ಚು ನೆನಪಿಗೆ ತರುವುದು ನಮಗೂ ಆಶ್ಚರ್ಯವೇ.

ಬೆಲೆಯ ಮಾತು ಬಂದಾಗ ತರಗತಿಯಲ್ಲಿ ವಾದವೇ ನಡೆಯಿತು. ಕರಡಿಗೆ ಅಗ್ಗವಾಗದಿದ್ದರೆ ಯಂತ್ರದ ಸರಕೇ ಮಾರಾಟವಾಗುವುದು. ಅಗ್ಗ ಮಾಡಬೇಕಾದರೆ ಕಡೆಯುವವರ ಕೂಲಿಯನ್ನು ಕಡಿಯಬೇಕೆಂದು ಕೆಲವರು ತಟ್ಟನೆ ಹೇಳಿದರು. ನಾವು ಚರಕಿಯ ಮುಂದೆ ಕುಳಿತವರನ್ನೇ ವಿಚಾರಿಸಿದೆವು. ಹೊತ್ತು ಹಿಡಿಯುವುದು ಚೂಪು ಅಂಚಿನ ಬಳೆಗಳಿಗೆ, ಅಂಥ ಅಂಚಿನ ಮೇಲೆ ಅರಗೂ ಸಮನಾಗಿ ಕೂರುವುದಿಲ್ಲ ಎಂದರು. ಹನ್ನೊಂದು ಬಳೆಗಳಿದ್ದುವನ್ನು ಐದಕ್ಕಿಳಿಸಿ, ಅಂಚುಗಳನ್ನು ದುಂಡಗೆ ಮಾಡಿದೆವು. ಬೆಲೆ ಇಳಿಯಿತು, ಗಂಟೆಗೆ ಅವರಿಗೆ ಸಲ್ಲುವ ಕೂಲಿ ಇಳಿಯಲಿಲ್ಲ.

ಕರಡಿಗೆಯೊಳಗೆ ಸುರುಳಿ ಸುತ್ತಿದ ಒಂದು ಚೀಟಿಯಿರುವುದನ್ನು ಕೆಲವರು ಗಮನಿಸಿರಬಹುದು. ದಾಸೋಜ, ಮಲ್ಲಿತಮ್ಮ ಮುಂತಾದ ಹೊಯ್ಸಳರ ಕಾಲದ ರೂವಾರಿಗಳು ತಾವು ಕೆತ್ತಿದ ಕಲ್ಲಿನ ಮೇಲೆ ತಮ್ಮ ಹೆಸರನ್ನು ಬರೆದಿಟ್ಟಿದ್ದಾರೆ. ಚೀಟಿಯಲ್ಲಿ ಮರದ ಹೆಸರು, ಅರಗಿನ ವಿಚಾರ, ಬಿಸಿಯ ಹತ್ತಿರ ಇಡಬಾರದೆಂಬ ಸೂಚನೆ ಇವೆ. ಎಲ್ಲಕ್ಕೂ ಮೇಲೆ, ಕಡೆದವರ ಹೆಸರು ಅವರದೇ ಅಕ್ಷರದಲ್ಲಿದೆ.