ಕರೆಂಟು ಹೋದರೆ ಸೋಲಾರೂ ಏಕೆ ನಿಲ್ಲುತ್ತದೆ?

ತಿಪಟೂರಿನ ಓದುಗರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ತಾರಸಿಯ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದಾಗಿದೆ, ಸಬ್ಸಿಡಿ ಕೈಸೇರಿದೆ, ತಿಂಗಳ ಬಿಲ್ಲೂ ಇಳಿದಿದೆ. ಆದರೂ ಸಮಾಧಾನವಿಲ್ಲ. “ನೆತ್ತಿ ಸುಡುವ ಬಿಸಿಲು. ಮೇಲೆ ಆರು ಪ್ಯಾನೆಲ್ಲು. ಕೆಳಗೆ ಫ್ಯಾನು ನಿಂತು ಬೆವರು ಒರೆಸಿಕೊಳ್ಳುತ್ತಾ ಕೂತ ನಾವು. ರೋಡಿನ ಕರೆಂಟು ಹೋದರೆ ನಮ್ಮ ಮನೆಯಲ್ಲೇ ಹುಟ್ಟುವ ಕರೆಂಟೂ ಯಾಕೆ ಸ್ವಾಮಿ ಹೋಗಬೇಕು? ಇನ್ವರ್ಟರು ಕಳಪೆಯದಾ, ಇಲ್ಲಾ ನಮಗೆ ಟೋಪಿ ಹಾಕಿದ್ದಾರಾ?”

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾದ ಮೇಲೆ ಈ ಅನುಮಾನ ಊರೂರಿಗೂ ಹಬ್ಬಿದೆ. ಟೋಪಿ ಯಾರೂ ಹಾಕಿಲ್ಲ. ಇನ್ವರ್ಟರ್ ಎಂಬ ಆ ಪೆಟ್ಟಿಗೆ ಕೆಟ್ಟಿಲ್ಲ. ರೋಡಿನ ಕರೆಂಟು ಹೋದಾಗಲೂ ಅದು ನಡೆಯುತ್ತಲೇ ಇದ್ದಿದ್ದರೆ ಆಗ ಗಾಬರಿಪಡಬೇಕಿತ್ತು. ಗೋಡೆಗೆ ಅಂಟಿಕೊಂಡ ಆ ಬಿಳಿ ಪೆಟ್ಟಿಗೆ ಸುಮ್ಮನಾಗುವ ಬಗೆ, ನನ್ನ ಮಟ್ಟಿಗೆ, ಇಡೀ ಸೋಲಾರ್ ವ್ಯವಸ್ಥೆಯಲ್ಲೇ ಅತ್ಯಂತ ಬೆರಗಿನ ಸಂಗತಿ.

ಕಂಬ ಹತ್ತುವ ಪವರ್‌ಮನ್‌ನಿಂದ ಶುರುಮಾಡೋಣ. ತೆಂಗಿನ ಗರಿ ಬಿದ್ದು ತಂತಿ ಹರಿದಿದೆ ಎನ್ನಿ. ಅವರು ವಿದ್ಯುತ್ ಸಬ್ ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾರೆ. ಬೀದಿಗೆ ಕರೆಂಟು ತರುವ ಫೀಡರ್ ಬಂದ್ ಆಗುತ್ತದೆ. ಈಗ ಬೀದಿಯ ಹತ್ತಾರು ತಾರಸಿಗಳ ಮೇಲೆ ಸೋಲಾರ್ ಇದ್ದು, ಅವೆಲ್ಲ ಕರೆಂಟನ್ನು ತಂತಿಗೆ ತುಂಬುತ್ತಲೇ ಇದ್ದರೆ? ಬೀದಿ ತುದಿಯ ಟಿಸಿ, ಅಂದರೆ ಟ್ರಾನ್ಸ್ಫಾರ್ಮರ್, 11,000 ವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ಯಂತ್ರ. ಆದರೆ ಅದಕ್ಕೆ ಮೇಲು ಕೆಳಗು ಎಂಬ ಭೇದವಿಲ್ಲ. ಕೆಳಗಿನ ಸುರುಳಿಗೆ 230 ವೋಲ್ಟ್ ಕೊಟ್ಟರೆ ಮೇಲಿನ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎದ್ದು ನಿಲ್ಲುತ್ತದೆ. ಸ್ಟೇಷನ್ನಿನಲ್ಲಿ ಬಂದ್ ಆದ ತಂತಿ ಕಂಬದ ಮೇಲೆ ಜೀವಂತವಾಗಿರುತ್ತದೆ. ತಂತಿಗೆ ಅರ್ಥಿಂಗ್ ರಾಡ್ ತಗುಲಿಸಿಯೇ ಕೈಹಾಕಬೇಕೆಂಬ ನಿಯಮ ಇರುವುದು ಇಂಥ ಅಪಾಯಕ್ಕಾಗಿಯೇ. ಆದರೆ ಒಂದು ಜೀವವನ್ನು ಒಂದೇ ರಾಡಿನ ಮೇಲೆ ಬಿಡಲಾಗದು. ಅದಕ್ಕೇ, ಗ್ರಿಡ್, ಅಂದರೆ ರೋಡಿನ ಕರೆಂಟಿನ ಜಾಲ, ಹೋದ ಎರಡು ಸೆಕೆಂಡಿನೊಳಗೆ ಇನ್ವರ್ಟರ್ ತಾನೂ ಕೈಬಿಡಬೇಕೆಂದು ಅಂತರರಾಷ್ಟ್ರೀಯ ಮಾನದಂಡಗಳು ಹೇಳುತ್ತವೆ.

ಎರಡು ಸೆಕೆಂಡು. ಗ್ರಿಡ್ ಹೋಯಿತೆಂದು ಅದಕ್ಕೆ ಹೇಳುವವರು ಯಾರು? ಯಾರೂ ಇಲ್ಲ. ವಿದ್ಯುತ್ ಕಂಪನಿ ಎಸ್ಕಾಂನಿಂದ ಸಂದೇಶ ಬರುವುದಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಮನೆಗೆ ಬರುವ ಅವೇ ಎರಡು ತಂತಿಗಳನ್ನು ಮುಟ್ಟಿ ಅದು ತಾನೇ ಕಂಡುಕೊಳ್ಳಬೇಕು.

ಅದೇನು ಮಹಾ, ತಂತಿಯಲ್ಲಿ ವೋಲ್ಟೇಜ್ ಇಲ್ಲದಿದ್ದರೆ ಗ್ರಿಡ್ ಇಲ್ಲ ಎಂದರ್ಥವಲ್ಲವೇ ಎಂದು ಕೇಳಬಹುದು. ಹೆಚ್ಚಿನ ಸಲ ಅಷ್ಟೇ ಸಾಕು. ತೊಡಕು ಬರುವುದು ಒಂದು ಅಪರೂಪದ ಸಂದರ್ಭದಲ್ಲಿ. ಬೀದಿಯ ಸೋಲಾರ್‌ಗಳೆಲ್ಲ ಸೇರಿ ಕೊಡುತ್ತಿರುವುದೂ, ಅದೇ ಬೀದಿಯ ಫ್ಯಾನು, ಫ್ರಿಜ್ಜು, ಟಿವಿಗಳು ಎಳೆಯುತ್ತಿರುವುದೂ ಆ ಕ್ಷಣಕ್ಕೆ ಸರಿಸಮ ಇವೆ ಎಂದುಕೊಳ್ಳಿ. ಆಗ ಫೀಡರ್ ಕಳಚಿಕೊಂಡರೂ ತಂತಿಯಲ್ಲಿ ಏನೂ ಬದಲಾಗುವುದಿಲ್ಲ. ವೋಲ್ಟೇಜ್ ಅದೇ 230, ಕರೆಂಟು ಏರಿಳಿಯುವ ಅಲೆ ಸೆಕೆಂಡಿಗೆ ಅದೇ 50. ಬೀದಿಯೊಂದು ದ್ವೀಪವಾಗಿ ಬೇರ್ಪಟ್ಟಿದೆ, ದ್ವೀಪದೊಳಗಿನವರಿಗೆ ಗೊತ್ತೇ ಆಗಿಲ್ಲ. ಎಂಜಿನಿಯರುಗಳೂ ಇದನ್ನು ದ್ವೀಪ ಎಂದೇ ಕರೆಯುತ್ತಾರೆ. ಸುಮ್ಮನೆ ಗಮನಿಸುತ್ತ ಕೂತರೆ ಇದು ಸಿಕ್ಕಿಬೀಳುವುದಿಲ್ಲ.

ಆದ್ದರಿಂದ ಇನ್ವರ್ಟರ್ ಗ್ರಿಡ್ಡನ್ನು ತಳ್ಳಿ ನೋಡುತ್ತದೆ! ಹೀಗೆ ತಳ್ಳುವ ಉಪಾಯಗಳು ಹಲವಿವೆ. ನನಗೆ ಅಚ್ಚುಮೆಚ್ಚಿನದು ಇದು: ಗ್ರಿಡ್‌ನ ಪ್ರತಿ ಅಲೆಗೆ 20 ಮಿಲಿಸೆಕೆಂಡ್ ಬೇಕು. ಇನ್ವರ್ಟರ್ ತನ್ನ ಅಲೆಯನ್ನು ಅದಕ್ಕಿಂತ ಒಂದು ಕೂದಲೆಳೆಯಷ್ಟು ಬೇಗ ಮುಗಿಸುತ್ತದೆ. ಮುಂದಿನದನ್ನೂ ಹಾಗೆಯೇ. ಸ್ವಲ್ಪ ಬೇಗ ನಡೆ ಎಂದು ಗ್ರಿಡ್ಡಿಗೆ ಸದಾ ಒತ್ತಾಯ ಮಾಡುತ್ತಲೇ ಇರುತ್ತದೆ. ತೇರಿನ ಹಗ್ಗಕ್ಕೆ ಕೈಹಾಕಿದ ಸಾವಿರ ಜನರಲ್ಲಿ ಒಬ್ಬ ಅವಸರದವನು ಜಗ್ಗಿದರೆ ತೇರು ತನ್ನ ನಡಿಗೆ ಬಿಡುತ್ತದೆಯೇ? ಉಳಿದವರೆಲ್ಲ ಕೈಬಿಟ್ಟ ಗಳಿಗೆ ಮಾತ್ರ ಹಗ್ಗ ಅವನ ಕೈಗೇ ಬರುತ್ತದೆ. ಇಲ್ಲೂ ಅಷ್ಟೇ. ಗ್ರಿಡ್ ಇರುವತನಕ ಇನ್ವರ್ಟರಿನ ಒತ್ತಾಯಕ್ಕೆ ಯಾರೂ ಸೊಪ್ಪು ಹಾಕುವುದಿಲ್ಲ. ಗ್ರಿಡ್ ಹೋದ ಕೂಡಲೇ ಬೀದಿಯ ಅಲೆ ಅದು ಹೇಳಿದಂತೆ ಕೇಳತೊಡಗುತ್ತದೆ. 50.1, 50.4, 50.9... ಮಿತಿ ದಾಟಿತು, ಒಳಗಿನ ರಿಲೇ ಟಕ್ಕೆಂದಿತು, ಮುಗಿಯಿತು. ತನ್ನ ಮಾತು ನಡೆಯುತ್ತಿದೆ ಎಂಬುದೇ ಇನ್ವರ್ಟರಿಗೆ ಗ್ರಿಡ್ ಇಲ್ಲವೆಂಬುದರ ಸಾಕ್ಷಿ. ಇದನ್ನು ಯೋಚಿಸಿದ ತಲೆಗಳಿಗೆ ಕೈಮುಗಿಯಬೇಕೆನಿಸುತ್ತದೆ.

ಈ ಟಕ್ ಸದ್ದನ್ನು ನೀವೂ ಕೇಳಬಹುದು. ಕರೆಂಟು ಹೋದಾಗ ಇನ್ವರ್ಟರಿನ ಹತ್ತಿರ ನಿಂತಿರಿ. ಕರೆಂಟು ಮರಳಿದ ಮೇಲೂ ಅದು ಆತುರಪಡುವುದಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಾ ಹೋಗುತ್ತವೆ, ಬಂದ ಕರೆಂಟು ನೆಲೆ ನಿಂತಿತೇ ಎಂದು ಕಾದು ನೋಡಿ ಆಮೇಲೆ ಮತ್ತೊಂದು ಟಕ್.

ಇಲ್ಲೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಕೆಲವು ಎಲೆಕ್ಟ್ರಿಷಿಯನ್ನರು ಯುಪಿಎಸ್‌ನದೋ ಡೀಸೆಲ್ ಜನರೇಟರಿನದೋ ತಂತಿಯನ್ನು ಇನ್ವರ್ಟರಿಗೆ ಕೊಟ್ಟು, ಗ್ರಿಡ್ ಇದೆ ಎಂದು ಅದನ್ನು ನಂಬಿಸಿ ಓಡಿಸಿಕೊಡುತ್ತೇವೆ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಮನೆಯ ಬಳಕೆ ಕಡಿಮೆಯಾದಾಗ ಸೋಲಾರಿನ ಹೆಚ್ಚುವರಿ ಕರೆಂಟು ಯುಪಿಎಸ್‌ಗೋ ಜನರೇಟರಿಗೋ ಹಿಂದಕ್ಕೆ ನುಗ್ಗುತ್ತದೆ. ಯಂತ್ರ ಸುಡುವುದು ನಿಮ್ಮ ನಷ್ಟ. ಮೇನ್ ಸ್ವಿಚ್ ತೆಗೆಯಲು ಮರೆತರೆ ಹೋಗುವುದು ಕಂಬದ ಮೇಲಿರುವವರ ಪ್ರಾಣ. ಕರೆಂಟು ಹೋದಾಗಲೂ ಸೋಲಾರ್ ಬೇಕೇ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಇದೆ, ಜೊತೆಗೆ ಬ್ಯಾಟರಿ ಬೇಕು. ಅದು ಮೊದಲು ಮನೆಯನ್ನು ರೋಡಿನ ತಂತಿಯಿಂದ ಪೂರ್ತಿ ಕಡಿದು, ಆಮೇಲೆ ಒಳಗಿನ ಫ್ಯಾನು, ದೀಪ, ಫ್ರಿಜ್ಜುಗಳಿಗೆ ತಾನೇ ಅಲೆ ಕಟ್ಟಿಕೊಡುತ್ತದೆ. ಬ್ಯಾಟರಿ ಏಕೆಂದರೆ, ಮೋಡ ಕವಿದ ಕ್ಷಣದ ಕೊರತೆ ತುಂಬಲು ರೋಡಿನ ಗ್ರಿಡ್ ಆಗ ಇರುವುದಿಲ್ಲವಲ್ಲ. ಖರ್ಚು ಹೆಚ್ಚು, ನಿಜ. ದಿನಕ್ಕೆ ಅರ್ಧ ಗಂಟೆ ಕರೆಂಟು ಹೋಗುವ ಊರಿನವರು ಅದರ ಗೊಡವೆಗೆ ಹೋಗದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಅಲೆ ಕಟ್ಟುವ ಕೆಲಸದ ಬಗ್ಗೆ ಎರಡು ಮಾತು. ಪ್ಯಾನೆಲ್ಲಿನಿಂದ ಬರುವುದು ಒಂದೇ ದಿಕ್ಕಿನ ಕರೆಂಟು, ಅದನ್ನು ಏರಿಳಿಯುವ ಅಲೆಯಾಗಿಸಬೇಕು. ನಲ್ಲಿ ತಿರುಗಿಸಿದಂತೆ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾ ಇಳಿಸುತ್ತಾ ಹೋಗುತ್ತದೆಂದು ಹಲವರು ಊಹಿಸುತ್ತಾರೆ. ಹಾಗೆ ಮಾಡಿದರೆ ಪೆಟ್ಟಿಗೆ ಕಾದು ಕೆಂಡವಾಗುತ್ತದೆ. ಒಳಗಿನ ಸ್ವಿಚ್ಚುಗಳಿಗೆ ಗೊತ್ತಿರುವುದು ಎರಡೇ: ಪೂರ್ತಿ ತೆರೆ, ಪೂರ್ತಿ ಮುಚ್ಚು. ಒಂದು ಸ್ಥಿತಿಯಲ್ಲಿ ಕರೆಂಟು ಹರಿದರೂ ಸ್ವಿಚ್ಚಿನ ಮೇಲೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದರಲ್ಲಿ ವೋಲ್ಟೇಜ್ ಇದ್ದರೂ ಕರೆಂಟು ಇಲ್ಲ. ಶಾಖ ಈ ಎರಡರ ಗುಣಲಬ್ಧ, ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಸೆಕೆಂಡಿಗೆ 20,000 ಸಲ ತೆರೆದು ಮುಚ್ಚುವ ಸ್ವಿಚ್ಚು ಒಂದೊಂದು ಅಲೆಯನ್ನು 400 ತುಣುಕುಗಳಿಂದ ಕಟ್ಟುತ್ತದೆ. ಅಲೆಯ ನೆತ್ತಿಯಲ್ಲಿ ಅಗಲದ ತುಣುಕು, ಬುಡದಲ್ಲಿ ಎಳೆಯಂಥದ್ದು. ಮುಂದಿರುವ ತಂತಿಸುರುಳಿ ಅವನ್ನೆಲ್ಲ ನಯಗೊಳಿಸುತ್ತದೆ. ಒಳ್ಳೆಯ ಇನ್ವರ್ಟರು ನೂರಕ್ಕೆ 97-98 ಪಾಲು ಕರೆಂಟನ್ನು ಉಳಿಸಿಕೊಡುವುದು ಹೀಗೆ. ತೆರೆಯುವ-ಮುಚ್ಚುವ ನಡುವಿನ ಆ ಕ್ಷಣದಲ್ಲಿ ಆಗುವ ನಷ್ಟ ಉಳಿದದ್ದರ ಒಂದು ದೊಡ್ಡ ಪಾಲು.

ನಷ್ಟವನ್ನು ಇನ್ನೂ ತಗ್ಗಿಸಲು ಬಂದಿರುವುದು ಸಿಲಿಕಾನ್ ಕಾರ್ಬೈಡ್. ಇದು ಸಾಣೆ ಚಕ್ರದ ಕಾರ್ಬೊರಂಡಮ್, ಬೇರೇನಲ್ಲ. 1893ರಲ್ಲಿ ಫ್ರಾನ್ಸಿನ ಆನ್ರಿ ಮ್ವಾಸಾಂ ಅರಿಜೋನಾದ ಉಲ್ಕೆಯ ಚೂರುಗಳಲ್ಲಿ ಇದರ ಹರಳುಗಳನ್ನು ಕಂಡು ವಜ್ರವೆಂದುಕೊಂಡಿದ್ದ, ಗುರುತು ಹತ್ತಿದ್ದು 1904ರಲ್ಲಿ. ಬರಿಯ ಸಿಲಿಕಾನ್ ತಾಳುವುದಕ್ಕಿಂತ ಸುಮಾರು ಹತ್ತು ಪಟ್ಟು ತೀವ್ರ ವಿದ್ಯುತ್ ಕ್ಷೇತ್ರವನ್ನು ಇದು ತಾಳುತ್ತದೆ. ಹಾಗಾಗಿ ಸ್ವಿಚ್ಚಿನ ಪದರ ಬಹಳ ತೆಳುವಾಗಿದ್ದರೆ ಸಾಕು, ತೆಳುವಾದಷ್ಟೂ ತಡೆ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ಸೋದರ ವಸ್ತು ಗ್ಯಾಲಿಯಂ ನೈಟ್ರೈಡ್‌ನಿಂದ ಸ್ವಿಚ್ಚು ಮಾಡುವ ಸಂಶೋಧನೆ ನಡೆದಿದೆ.

ಮತ್ತೆ ಆ 50ಕ್ಕೆ ಬರುತ್ತೇನೆ. ಇನ್ವರ್ಟರಿನ ಪರದೆಯಲ್ಲಿ ಗ್ರಿಡ್‌ನ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬುದು, ಕಾಣುತ್ತದೆ: 49.98, 50.01, 49.96. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅದನ್ನು ನೋಡುತ್ತಾ ನಿಲ್ಲುವುದು ನನಗೆ ಇಷ್ಟ. ಏಕೆಂದರೆ ಅದು ನಮ್ಮ ಬೀದಿಯ ಅಂಕಿಯಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾದಂದಿನಿಂದ ಕಾಶ್ಮೀರ, ಗುಜರಾತ್, ಅಸ್ಸಾಂ, ಕೇರಳ ಎಲ್ಲೆಡೆ ಅದೇ ಕ್ಷಣ ಅದೇ ಅಂಕಿ. ಅದಕ್ಕೂ ಮೊದಲು ದಕ್ಷಿಣದ ನಾಡಿಯೇ ಬೇರೆ ಇತ್ತು. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರದವರೆಗಿನ 1,369 ಕಿಲೋಮೀಟರ್ ಮಾರ್ಗದಲ್ಲಿ ಬರುತ್ತಿದ್ದುದು ಡಿಸಿ ಕರೆಂಟು. ಅದಕ್ಕೆ ಅಲೆಯೇ ಇಲ್ಲ. ಅಲೆಯನ್ನು ಹೊಸದಾಗಿ ಕಟ್ಟುತ್ತಿದ್ದುದು ಕೋಲಾರದ ದೈತ್ಯ ಪರಿವರ್ತಕಗಳು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಒಟ್ಟಿಗೆ ಕುಸಿದು ಸುಮಾರು 60 ಕೋಟಿ ಜನ ಕತ್ತಲಲ್ಲಿದ್ದಾಗ ದಕ್ಷಿಣ ಉಳಿದುಕೊಂಡದ್ದಕ್ಕೆ ಇದೂ ಕಾರಣ.

ಆದರೆ ಗ್ರಿಡ್ಡನ್ನು ಕೈಬಿಡುವ ಇನ್ವರ್ಟರಿನ ಆ ಒಳ್ಳೆಯ ಗುಣವೇ ಪೆಟ್ಟಿಗೆಗಳು ಲಕ್ಷಗಟ್ಟಲೆಯಾದಾಗ ಕುತ್ತಾಗುತ್ತದೆ. ಜರ್ಮನಿಯವರಿಗೆ ಇದು ಮೊದಲು ಅರಿವಾಯಿತು. ಆವರ್ತನ 50.2 ಮುಟ್ಟಿದರೆ ಇನ್ವರ್ಟರುಗಳು ತಟ್ಟನೆ ಕಳಚಿಕೊಳ್ಳಬೇಕೆಂದು ಅಲ್ಲಿ ಹಳೆಯ ನಿಯಮವಿತ್ತು. ಸೋಲಾರ್ ಬೆರಳೆಣಿಕೆಯಷ್ಟಿದ್ದ ಕಾಲಕ್ಕೆ ಅದು ಸರಿ. ಬರಬರುತ್ತಾ ಸೋಲಾರ್ ಹತ್ತಾರು ಸಾವಿರ ಮೆಗಾವ್ಯಾಟ್ ಮುಟ್ಟಿತು. ಯುರೋಪಿನ ಗ್ರಿಡ್ ದಿಢೀರ್ ಕೊರತೆಗೆಂದು ಕಾದಿಟ್ಟುಕೊಳ್ಳುವುದು 3,000 ಮೆಗಾವ್ಯಾಟ್. ಒಳ್ಳೆ ಬಿಸಿಲಿನ ದಿನ ಆ ಅಂಕಿ ಒಮ್ಮೆ 50.2 ಮುಟ್ಟಿದ್ದರೆ ಅದರ ಹಲವು ಪಟ್ಟು ಕರೆಂಟು ಒಂದೇ ಉಸಿರಿಗೆ ಮಾಯವಾಗುತ್ತಿತ್ತು. 2012ರಲ್ಲಿ ಕಾನೂನು ತಂದು ಸುಮಾರು ಮೂರು ಲಕ್ಷ ಸ್ಥಾವರಗಳನ್ನು ಮಾರ್ಪಡಿಸಿದರು. ಈಗ ಅವು ಆವರ್ತನ ಏರಿದಷ್ಟೂ ಉತ್ಪಾದನೆಯನ್ನು ಹಂತಹಂತವಾಗಿ ತಗ್ಗಿಸುತ್ತವೆ. ದಕ್ಷಿಣ ಆಸ್ಟ್ರೇಲಿಯಾ ಮಾತ್ರ ಪೆಟ್ಟು ತಿಂದೇ ಕಲಿಯಿತು. 2016ರ ಸೆಪ್ಟೆಂಬರ್ 28ರ ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿ ವೋಲ್ಟೇಜ್ ಪದೇಪದೇ ಕುಸಿದಾಗ, ಕೆಲವು ಗಾಳಿಯಂತ್ರಗಳ ಒಳಗಿನ ಒಂದು ಸೆಟ್ಟಿಂಗ್ ಇನ್ನು ಸಾಕೆಂದು ಅವನ್ನು ಹಿಂದೆ ಸರಿಸಿತು. 456 ಮೆಗಾವ್ಯಾಟ್ ಹೋಯಿತು, ಇಡೀ ರಾಜ್ಯ ಕತ್ತಲಾಯಿತು.

ಮುಂದಿನ ಪೀಳಿಗೆಯ ಇನ್ವರ್ಟರುಗಳು ಈ ಪಾಠದಿಂದ ಬಂದವು. ಶರಾವತಿಯ ಟರ್ಬೈನಿರಲಿ, ರಾಯಚೂರಿನ ಉಷ್ಣಸ್ಥಾವರವಿರಲಿ, ಅಲ್ಲಿ ಟನ್ನುಗಟ್ಟಲೆ ಉಕ್ಕು ತಿರುಗುತ್ತಿರುತ್ತದೆ. ಎಲ್ಲಾದರೂ ಕೊರತೆ ಬಿದ್ದರೆ ಆ ತಿರುಗಾಟದ ಜಡತ್ವವೇ ಮೊದಲ ಕೆಲವು ಸೆಕೆಂಡು ಗ್ರಿಡ್ಡನ್ನು ಹಿಡಿದು ನಿಲ್ಲಿಸುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿ ಅಂಥ ತಿರುಗುವ ಉಕ್ಕಿಲ್ಲ. ಬಿಸಿಲಿನ ಪಾಲು ಹೆಚ್ಚಿದಂತೆ ಮಧ್ಯಾಹ್ನದ ಗ್ರಿಡ್ ಹಗುರಾಗುತ್ತಾ ಹೋಗುತ್ತದೆ. ಅದಕ್ಕೇ ಈಗ ಇನ್ನೊಬ್ಬರ ಅಲೆಯನ್ನು ಹಿಂಬಾಲಿಸದೆ ತಾನೇ ಅಲೆಯನ್ನು ಹಿಡಿದು ನಿಲ್ಲುವ ಇನ್ವರ್ಟರುಗಳು ಬರುತ್ತಿವೆ. ಅದೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಎದ್ದ ಹಾರ್ನ್ಸ್‌ಡೇಲ್ ಬ್ಯಾಟರಿ ಕೇಂದ್ರ 2022ರಿಂದ ಈ ಬಗೆಯಲ್ಲಿ ಕೆಲಸ ಮಾಡುತ್ತಾ, ಉಕ್ಕಿನ ಚಕ್ರ ಕೊಡುತ್ತಿದ್ದ ಜಡತ್ವವನ್ನು ತಂತ್ರಾಂಶದಿಂದ ಕೊಡುತ್ತಿದೆ.

ದೊಡ್ಡ ಕೇಂದ್ರಗಳಲ್ಲಿ ಇದು ಸಲೀಸು, ಅಲ್ಲಿ ಕಾವಲಿಗೆ ಬೇರೆ ರಿಲೇಗಳಿವೆ, ನಿಯಂತ್ರಣ ಕೇಂದ್ರದೊಂದಿಗೆ ನೇರ ಸಂಪರ್ಕವಿದೆ. ಬೀದಿಯ ಮನೆಗಳಿಗೂ ಇಂಥವು ಬಂದರೆ ತಳ್ಳಿ ನೋಡುವ ಹಳೆಯ ಉಪಾಯ ಕೈಕೊಡುತ್ತದೆ. ಗ್ರಿಡ್ ಇರಲಿ ಬಿಡಲಿ, ಅಲೆಯನ್ನು 50ರಲ್ಲೇ ಹಿಡಿದು ನಿಲ್ಲಿಸುವುದು ಈ ಹೊಸ ಪೆಟ್ಟಿಗೆಯ ಕೆಲಸ. ಅಕ್ಕಪಕ್ಕದ ಹಳೆಯ ಇನ್ವರ್ಟರುಗಳು ಎಷ್ಟೇ ತಳ್ಳಲಿ, ಅದು ಜಗ್ಗುವುದಿಲ್ಲ. ಗ್ರಿಡ್ ಇದೆ ಎಂದೇ ಅವು ನಂಬುತ್ತವೆ. ಬಿರುಗಾಳಿಯಲ್ಲಿ ಗ್ರಿಡ್ಡನ್ನು ಕೈಬಿಡಬಾರದು, ಕಂಬದ ಮೇಲೆ ಮನುಷ್ಯ ಇದ್ದಾಗ ಬಿಡಲೇಬೇಕು. ಈ ಎರಡನ್ನೂ ಒಂದೇ ಪೆಟ್ಟಿಗೆಯಿಂದ ಮಾಡಿಸುವುದು ಹೇಗೆಂಬುದರ ಮೇಲೆ ಸಂಶೋಧಕರು ಈಗ ತಲೆಕೆಡಿಸಿಕೊಂಡಿದ್ದಾರೆ.